ಹುಟ್ಟಿನ ಪಾಪ, ಹೊಸ ಹುಟ್ಟು: ಜಂಗಮಕೋಟೆಯ ಸೀಮೆಯಲ್ಲಿ ಸುವಾರ್ತೆಯ ಮಾತುಗಳು

ಪಾಪ, ಕೃಪೆ, ನಂಬಿಕೆ, ಹೊಸ ಹುಟ್ಟು ಎಂಬ ಮಾತುಗಳು ನಮ್ಮ ಪ್ರಸಂಗಪೀಠಗಳಲ್ಲಿ ಎಷ್ಟು ಬಳಕೆಯಾಗಿವೆಯೆಂದರೆ, ಅವು ಸುವಾರ್ತೆಯೊಡನೆಯೇ ಈ ನೆಲಕ್ಕೆ ಬಂದವೆಂದು ನಾವು ಎಣಿಸಿಬಿಡುತ್ತೇವೆ. ವಾಸ್ತವದಲ್ಲಿ ಸುವಾರ್ತಿಕರು ಬರುವುದಕ್ಕೆ ಬಹು ಮೊದಲೇ ಈ ಒಂದೊಂದು ಮಾತಿಗೂ ಇಲ್ಲಿ ಮನೆಯಿತ್ತು, ನೆಂಟರಿದ್ದರು, ಹಳೆಯ ಲೆಕ್ಕಾಚಾರವಿತ್ತು. ಪಾಪವೆಂದರೇನೆಂಬುದನ್ನು ಕೇಳುಗನು ಉಪದೇಶಿಯಿಂದ ಕಲಿಯಬೇಕಾಗಿರಲಿಲ್ಲ. ಅದು ಯಾರ ಪಾಲಿಗೆ ಎಷ್ಟು ಬಂದಿದೆ ಎಂಬುದನ್ನು ಸಹ ಊರು ಅವನಿಗೆ ಮೊದಲೇ ಹೇಳಿಕೊಟ್ಟಿತ್ತು. ಆದುದರಿಂದ ಸಭೆಯ ಚರಿತ್ರೆಯನ್ನು ಬರೆಯುವವರು ಯಾವ ಮಿಷನರಿ ಯಾವ ವರ್ಷದಲ್ಲಿ ಎಲ್ಲಿಗೆ ಬಂದನೆಂದು ಕೇಳಿದರೆ ಸಾಲದು. ಅವನು ಬಾಯಿ ತೆರೆದಾಗ ಕೇಳುವವರ ಕಿವಿಗೆ ಬಿದ್ದುದೇನೆಂದೂ ಕೇಳಬೇಕು. ಈ ಪ್ರಶ್ನೆಯನ್ನು ನಾವು ಇಲ್ಲಿ ಒಂದು ಸಣ್ಣ ಸೀಮೆಗೆ ಒಡ್ಡಿ ನೋಡಲಿದ್ದೇವೆ.

ಆ ಸೀಮೆ ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿ ಮತ್ತು ಅದರ ಸುತ್ತಣ ಬಯಲು. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ಭಾಗವು ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ. ಕೆರೆಯನ್ನೂ ಬಾವಿಯನ್ನೂ ನಂಬಿ, ಈಚಿನ ದಶಕಗಳಲ್ಲಿ ಕೊಳವೆಬಾವಿಯನ್ನು ನಂಬಿ, ಜನರು ರಾಗಿ ಬೆಳೆದಿದ್ದಾರೆ, ಹಿಪ್ಪುನೇರಳೆ ನೆಟ್ಟು ರೇಷ್ಮೆಹುಳು ಸಾಕಿದ್ದಾರೆ. ಹೊಲದಲ್ಲೊಂದು ಭಾಷೆ, ಕಚೇರಿಯಲ್ಲೊಂದು ಭಾಷೆ ಎಂಬಂತೆ ಕನ್ನಡವೂ ತೆಲುಗೂ ಒಂದೇ ನಾಲಗೆಯಲ್ಲಿ ನೆಲೆಸಿವೆ. ಊರಿನ ಹೆಸರಿನಲ್ಲಿಯೇ ಜಂಗಮನಿದ್ದಾನೆ. ಈ ಹೆಸರನ್ನು ನಾವು ಲೇಖನದ ಅಲಂಕಾರಕ್ಕಾಗಿ ಎತ್ತಿಕೊಂಡಿಲ್ಲ. ಕೃಪೆ, ಹೊಸ ಹುಟ್ಟು ಎಂಬ ಮಾತುಗಳ ಹಳೆಯ ಒಡೆಯರಲ್ಲಿ ಜಂಗಮನೂ ಒಬ್ಬನು.

ವೀರಶೈವ ಸಂಪ್ರದಾಯದಲ್ಲಿ ಮನುಷ್ಯನನ್ನು ಬಂಧಿಸಿರುವುವು ಆಣವ, ಮಾಯಾ, ಕಾರ್ಮಿಕ ಎಂಬ ಮೂರು ಮಲಗಳು. ಗುರುವು ಶಿಷ್ಯನ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟಾಗ ಆ ಮಲಗಳು ಕಳೆದುಹೋಗುತ್ತವೆ; ಶಿಷ್ಯನು ತನ್ನ ಪೂರ್ವಾಶ್ರಯವನ್ನು ಅಳಿದು ಪುನರ್ಜಾತನಾಗುತ್ತಾನೆ. ಅವನಿಗೆ ಹಿಂದಿನ ಕುಲವಿಲ್ಲ. ಗುರುವಿನ ಕರದಲ್ಲಿ ಹುಟ್ಟಿದವನಿಗೆ ತಾಯಿತಂದೆಗಳ ಹುಟ್ಟು ಲೆಕ್ಕಕ್ಕೆ ಬಾರದು. 12ನೆಯ ಶತಮಾನದ ಶರಣರು ಈ ತತ್ತ್ವವನ್ನು ಎಷ್ಟು ದೂರ ಕೊಂಡೊಯ್ದರೆಂಬುದು ಕನ್ನಡಿಗರಿಗೆಲ್ಲ ತಿಳಿದ ಸಂಗತಿ. ಗುರುಜಂಗಮರಿಂದ ದೊರೆಯುವುದಕ್ಕೆ ಪ್ರಸಾದವೆಂದು ಹೆಸರು, ಮತ್ತು ಪ್ರಸಾದವೆಂದರೆ ಕೃಪೆಯೂ ಹೌದು. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯವನ್ನು ಓದಿ ಬೆಳೆದವರಿಗೆ ಇದು ಬೆರಗಿನ ಹೋಲಿಕೆಯಾಗಿ ಕಾಣುತ್ತದೆ. ಹೋಲಿಕೆಯನ್ನು ನಾವು ಬೇಗ ಸಮೀಕರಣವಾಗಿ ಮಾಡಬಾರದು; ಆದರೆ ಅದನ್ನು ಕಾಣದವರಂತೆ ನಟಿಸುವುದೂ ಪ್ರಾಮಾಣಿಕತೆಯಲ್ಲ.

ಇದೇ ಬಯಲಿನ ಇನ್ನೊಂದು ಧ್ವನಿ ಚಿಂತಾಮಣಿ ತಾಲ್ಲೂಕಿನ ಕೈವಾರದ್ದು. ಬಳೆ ಮಾರುತ್ತಿದ್ದ ನಾರೇಯಣ, ಅಂದರೆ ಕೈವಾರ ತಾತಯ್ಯನವರು, 18ನೆಯ ಶತಮಾನದಿಂದ 19ನೆಯ ಶತಮಾನದ ಪೂರ್ವಾರ್ಧದವರೆಗಿನ ಕಾಲದಲ್ಲಿ ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದರು. ಗುರುವಿನ ಅನುಗ್ರಹವಿಲ್ಲದೆ ಬಂಧನ ಬಿಡದು ಎಂಬುದು ಅವರ ಪದಗಳ ಜೀವಾಳ. ಹೀಗೆ ಮನುಷ್ಯನು ತನ್ನ ಬಲದಿಂದ ಬಿಡುಗಡೆ ಹೊಂದಲಾರನೆಂಬ ಅರಿವು ಈ ಸೀಮೆಗೆ ಹೊಸದಾಗಿರಲಿಲ್ಲ. ಪಾಪದ ಅರಿವೇ ಇಲ್ಲದ ಜನರ ನಡುವೆ ನಮ್ಮ ಪೂರ್ವಿಕರು ಪಾಪಬೋಧೆ ಮಾಡಿದರೆಂದು ಹಳೆಯ ಮಿಷನ್ ವರದಿಗಳ ಧಾಟಿಯಲ್ಲಿ ಇಂದಿಗೂ ಹೇಳುವವರಿದ್ದಾರೆ. ಅವರು ಕೈವಾರದ ತನಕ ಒಮ್ಮೆ ನಡೆದುಹೋಗಿ ಬರುವುದು ಒಳ್ಳೆಯದು.

ಮೂರನೆಯ ಧ್ವನಿಯೊಂದುಂಟು. ಅದಕ್ಕೆ ಗ್ರಂಥವಿಲ್ಲ, ಮಠವಿಲ್ಲ, ಕವಿಯಿಲ್ಲ. ಕಷ್ಟ ಬಂದವರನ್ನು ಕಂಡು ಊರು ಆಡುವ ಮಾತು ಅದು: ಹೋದ ಜನ್ಮದ ಪಾಪ, ಪಡೆದುಕೊಂಡು ಬಂದದ್ದು, ಹಣೆಯಲ್ಲಿ ಬರೆದದ್ದು. ಶಾಸ್ತ್ರಗಳಲ್ಲಿ ಕರ್ಮಸಿದ್ಧಾಂತಕ್ಕೆ ಬೇರೆ ಸೂಕ್ಷ್ಮಗಳಿವೆ, ಆಶಾದಾಯಕವಾದ ಮುಖಗಳೂ ಇವೆ. ನಾವು ಹೇಳುತ್ತಿರುವುದು ಊರಬಾಗಿಲಿನ ಕರ್ಮವನ್ನು ಕುರಿತು. ಅದು ಹೊಲೆಗೇರಿಯಲ್ಲಿಯೂ ಮಾದಿಗರ ಕೇರಿಯಲ್ಲಿಯೂ ಹುಟ್ಟಿದವರಿಗೆ, ನಿಮ್ಮ ಹುಟ್ಟೇ ನಿಮ್ಮ ಪಾಪಕ್ಕೆ ಸಾಕ್ಷಿ ಎಂದು ಹೇಳಿತು. ಪಾಪವು ಎಲ್ಲರಿಗೂ ಇದೆ, ಆದರೆ ಊರಿನ ಹೊರಗೆ ಹುಟ್ಟಿದವರಿಗೆ ಹೆಚ್ಚಾಗಿದೆ ಎಂಬುದು ಅದರ ಲೆಕ್ಕ. ಪುಣ್ಯ ಮಾಡಿದವರು ಊರೊಳಗೆ ಹುಟ್ಟಿದರು. ಉಳಿದವರು ಈ ಜನ್ಮದಲ್ಲಿ ಬಾಯಿಮುಚ್ಚಿಕೊಂಡು ದುಡಿದು ಮುಂದಿನ ಜನ್ಮವನ್ನು ಕಾಯತಕ್ಕದ್ದು. ಸುವಾರ್ತೆಯ ಮಾತು ಈ ಲೆಕ್ಕದ ನಡುವೆ ಬಂದು ಬಿದ್ದಿತು.

ಬಿದ್ದದ್ದು 18ನೆಯ ಶತಮಾನದಲ್ಲಿ. ಫ್ರೆಂಚ್ ಯೇಸುಸಭೆಯ ಕರ್ನಾಟಿಕ್ ಮಿಷನ್ನಿನವರು ಪುಂಗನೂರು, ಕೃಷ್ಣಾಪುರಗಳೊಂದಿಗೆ ಚಿಕ್ಕಬಳ್ಳಾಪುರವನ್ನೂ ತಮ್ಮ ನೆಲೆಗಳಲ್ಲಿ ಒಂದಾಗಿ ಮಾಡಿಕೊಂಡಿದ್ದರು. ಝಾನ್ ಕಾಲ್ಮೆತ್ ಎಂಬ ಪಾದ್ರಿಯು 1726ರಲ್ಲಿ ಭಾರತಕ್ಕೆ ಬಂದು 1740ರಲ್ಲಿ ತೀರಿಕೊಂಡನು. ಬಳ್ಳಾಪುರದಲ್ಲಿ ಕೆಲಸ ಮಾಡಿದವರಲ್ಲಿ ಅವನೊಬ್ಬ. ಸಂಸ್ಕೃತವನ್ನು ಚೆನ್ನಾಗಿ ಕಲಿತಿದ್ದ ಅವನು ವೇದಗಳ ಪ್ರತಿಗಳನ್ನು ಸಂಪಾದಿಸಿ 1730ರ ದಶಕದಲ್ಲಿ ಪ್ಯಾರಿಸ್ಸಿನ ರಾಜಗ್ರಂಥಾಲಯಕ್ಕೆ ಕಳುಹಿಸಿದನು. ಅವನ ಜೊತೆಗಾರನಾದ ಗಾಸ್ತೋಂ ಕೂರ್ದೂ 1732ರಲ್ಲಿ ಬಂದವನು. ಸಂಸ್ಕೃತಕ್ಕೂ ಗ್ರೀಕ್ ಲತೀನುಗಳಿಗೂ ಇರುವ ಬಾಂಧವ್ಯವನ್ನು ವಿಲಿಯಂ ಜೋನ್ಸ್‌ಗಿಂತ ಮೊದಲೇ ಗುರುತಿಸಿ ಫ್ರಾನ್ಸಿಗೆ ಬರೆದವನೆಂದು ಭಾಷಾಶಾಸ್ತ್ರಜ್ಞರು ಅವನನ್ನು ನೆನೆಯುತ್ತಾರೆ. ಈ ಯತಿಗಳು ಕಾವಿಯುಟ್ಟು, ಮಾಂಸ ಬಿಟ್ಟು, ಸಂನ್ಯಾಸಿಗಳಂತೆ ಬಾಳಿದರು. ರೋಬೆರ್ತೊ ನೊಬಿಲಿಯು ಮಧುರೆಯಲ್ಲಿ ಹಾಕಿಕೊಟ್ಟ ದಾರಿ ಅದು. ಸತ್ಯವೇದವೆಂಬ ಮಾತೂ ಆ ದಾರಿಯಲ್ಲಿಯೇ ಬಂದುದು. ಇಂದು ಕನ್ನಡದ ಪ್ರಾಟೆಸ್ಟೆಂಟರು ಬೈಬಲಿಗೆ ಕೊಟ್ಟಿರುವ ಹೆಸರಿನಲ್ಲಿ ಆ ಕಥೋಲಿಕ ಯತಿಗಳ ನೆನಪು ಉಳಿದುಕೊಂಡಿದೆ ಎಂಬುದನ್ನು ಎರಡು ಕಡೆಯವರೂ ಮರೆತಿದ್ದಾರೆ.

ಅವರ ವಿದ್ವತ್ತಿಗೂ ತಾಳ್ಮೆಗೂ ತಲೆಬಾಗಿಯೇ ಒಂದು ಮಾತು ಹೇಳಬೇಕು. ಮೇಲಿನವರನ್ನು ಮುಟ್ಟಿದರೆ ಕೆಳಗಿನವರು ತಾವಾಗಿ ಬರುವರೆಂಬ ಎಣಿಕೆಯಲ್ಲಿ ಅವರು ಊರಿನ ಲೆಕ್ಕವನ್ನು ಬಹುಮಟ್ಟಿಗೆ ಇದ್ದಂತೆಯೇ ಬಿಟ್ಟರು. ಮಲಬಾರ್ ಪದ್ಧತಿಗಳೆಂದು ಹೆಸರಾದ ವಿವಾದದ ತಿರುಳು ಇದೇ ಆಗಿತ್ತು. ಹೊಸದಾಗಿ ಹುಟ್ಟಿದವನು ಹಳೆಯ ಹುಟ್ಟಿನ ಕೇರಿಯಲ್ಲಿಯೇ ಬಾಳಬಹುದೇ, ಪರಯನ ಮನೆಗೆ ಕಾಲಿಡದ ಪಾದ್ರಿಯು ಅವನಿಗೆ ಸಂಸ್ಕಾರ ಕೊಡುವುದು ಹೇಗೆ ಎಂದು ರೋಮಿನವರೆಗೆ ವಾದ ನಡೆದು, 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ಅಂತಿಮ ತೀರ್ಪನ್ನು ಕೊಟ್ಟರು. 1773ರಲ್ಲಿ ಯೇಸುಸಭೆಯೇ ರದ್ದಾಯಿತು. ಮುಂದೆ ಮೈಸೂರು ಸೀಮೆಯಲ್ಲಿ ಬಹುಕಾಲ ಕೆಲಸ ಮಾಡಿದ ಅಬ್ಬೆ ದ್ಯುಬುವಾ 1823ರಲ್ಲಿ ಊರಿಗೆ ಮರಳಿ, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ತನ್ನ ಪತ್ರಗಳಲ್ಲಿ ಹಿಂದುಗಳ ಮನಃಪರಿವರ್ತನೆ ಈಗಿನ ಸ್ಥಿತಿಯಲ್ಲಿ ಆಗದ ಕೆಲಸವೆಂದು ಬರೆದುಬಿಟ್ಟನು. ದ್ಯುಬುವಾನ ನಿರಾಶೆಯನ್ನು ನಾವು ಹಾಸ್ಯ ಮಾಡಲಾರೆವು. ಬ್ರಾಹ್ಮಣರ ಕಡೆಗೆ ಮುಖಮಾಡಿ ನಿಂತವನಿಗೆ ಬೆನ್ನ ಹಿಂದೆ ನಿಂತಿದ್ದವರು ಕಾಣಲಿಲ್ಲ, ಅಷ್ಟೆ.

ದ್ಯುಬುವಾ ಹಡಗು ಹತ್ತುವ ಹೊತ್ತಿಗೆ ಪ್ರಾಟೆಸ್ಟೆಂಟರು ಕನ್ನಡಕ್ಕೆ ಕೈಹಚ್ಚಿಯಾಗಿತ್ತು. ಲಂಡನ್ ಮಿಷನರಿ ಸಂಘದ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದನು. ವಿಲಿಯಂ ರೀವ್ ಅವನ ಜೊತೆಗೂಡಿದನು. 1831ರಲ್ಲಿ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗಿ ಬಳ್ಳಾರಿಯಿಂದ ಹೊರಬಂತು. ಅದೇ ಸಂಘವು 1820ರಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿತ್ತು. 1830ರ ದಶಕದಲ್ಲಿ ಅಲ್ಲಿಗೆ ಬಂದ ಬೆಂಜಮಿನ್ ರೈಸ್ 1887ರಲ್ಲಿ ಸಾಯುವ ತನಕ, ಹತ್ತಿರ ಹತ್ತಿರ ಐವತ್ತು ವರ್ಷ, ಕನ್ನಡದಲ್ಲಿ ಬೋಧಿಸಿದನು. ಶಾಸನಗಳ ಲೂಯಿ ರೈಸ್ ಅವನ ಮಗ. ಕನ್ನಡ ಸಾಹಿತ್ಯಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಎಡ್ವರ್ಡ್ ರೈಸ್ ಇನ್ನೊಬ್ಬ ಮಗ. ಬೆಂಗಳೂರಿನಿಂದ ಹೊರಟ ಬೋಧಕರೂ ಅವರ ಕನ್ನಡಿಗ ಉಪದೇಶಿಗಳೂ ಸಂತೆ ಜಾತ್ರೆಗಳನ್ನು ಹಿಡಿದು ಕೋಲಾರ ಸೀಮೆಯ ಹಾದಿ ತುಳಿದರು. ಆ ಉಪದೇಶಿಗಳಲ್ಲಿ ಬಹುಮಂದಿಯ ಹೆಸರನ್ನು ಸಂಘದ ಪುಸ್ತಕಗಳು ನಮಗೆ ಉಳಿಸಿಕೊಟ್ಟಿಲ್ಲ. ಮಾತು ಮುಟ್ಟಿದ್ದು ಮುಖ್ಯವಾಗಿ ಅವರ ಬಾಯಿಂದ.

ಇನ್ನು ಮಾತುಗಳಿಗೆ ಬರೋಣ. ಭಾಷಾಂತರಕಾರರು ಗ್ರೀಕಿನ ಹಮಾರ್ತಿಯಾ ಎಂಬುದಕ್ಕೆ ಪಾಪವನ್ನು ಆರಿಸಿದರು. ಹಮಾರ್ತಿಯಾ ಎಂದರೆ ಗುರಿ ತಪ್ಪುವುದು. ಅದಕ್ಕೆ ಸರಿಹೊಂದುವ ಅಚ್ಚಗನ್ನಡ ಪದ ಕೈಗೆಟಕುವಲ್ಲಿಯೇ ಇತ್ತು: ತಪ್ಪು. ದಾರಿ ತಪ್ಪುತ್ತದೆ, ಗುರಿ ತಪ್ಪುತ್ತದೆ, ಲೆಕ್ಕ ತಪ್ಪುತ್ತದೆ, ಮಾತು ತಪ್ಪುತ್ತದೆ. ತಪ್ಪಿದವನು ಮತ್ತೆ ದಾರಿಗೆ ಬರಬಲ್ಲನು. ಆದರೆ ತಪ್ಪು ಹಗುರಾದ ಪದವೆಂದು ತೋರಿರಬೇಕು. ಕರ್ತನ ಪ್ರಾರ್ಥನೆಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿತಾದರೂ ಸಿದ್ಧಾಂತದ ಭಾರವನ್ನೆಲ್ಲ ಪಾಪವೇ ಹೊತ್ತಿತು. ಪಾಪವೆಂಬುದು ಭಾರವಾದ ಪದವೇ ಸರಿ, ಆದರೆ ಅದು ಪುಣ್ಯದ ಜೊತೆಗೆ ಹುಟ್ಟಿದ್ದು. ಒಂದು ತಟ್ಟೆಯಲ್ಲಿ ಪಾಪ, ಇನ್ನೊಂದರಲ್ಲಿ ಪುಣ್ಯ, ನಡುವೆ ತಕ್ಕಡಿಯ ಮುಳ್ಳು. ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಮುರಿಯಲು ಹೊರಟದ್ದು ಆ ತಕ್ಕಡಿಯನ್ನೇ. ಅವನ ಮಾತನ್ನು ಅನುವಾದಿಸಲು ನಾವು ಬಳಸಿದ್ದು ತಕ್ಕಡಿಯ ಒಂದು ತಟ್ಟೆಯನ್ನು.

ಆದರೂ ಈ ಆಯ್ಕೆಯ ಬಗ್ಗೆ ನಾವು ಪೂರ್ತಿ ದುಃಖಿಸಲಾರೆವು. ಯಾರಾದರೂ ಬಿದ್ದರೆ, ಮಗು ಅತ್ತರೆ, ಹಣ ಕಳೆದುಕೊಂಡು ಬಡವನು ದಾರಿಯಲ್ಲಿ ಕುಳಿತರೆ ಕನ್ನಡಿಗರ ಬಾಯಲ್ಲಿ ತಾನಾಗಿ ಬರುವ ಮಾತು ಯಾವುದು? ಪಾಪ! ಕನಿಕರಕ್ಕೂ ಅಪರಾಧಕ್ಕೂ ಒಂದೇ ಪದವನ್ನು ಇಟ್ಟುಕೊಂಡ ಭಾಷೆ ನಮ್ಮದು. ನ್ಯಾಯಾಧಿಪತಿಯ ತೀರ್ಪನ್ನೂ ತಾಯಿಯ ಮರುಕವನ್ನೂ ಅದು ಒಟ್ಟಿಗೆ ಹಿಡಿದಿದೆ. ಕಳೆದುಹೋದ ಮಗನನ್ನು ದೂರದಿಂದಲೇ ಕಂಡು ಓಡಿದ ತಂದೆಯ ಮನಸ್ಸಿನಲ್ಲಿ ಎದ್ದ ಮಾತು ಕನ್ನಡದಲ್ಲಿ ಇದಲ್ಲದೆ ಬೇರೆ ಇರಲಾರದು. ನಮ್ಮ ದೇವಶಾಸ್ತ್ರದ ಪಾಠಗಳು ಪಾಪದ ಈ ಎರಡನೆಯ ಅರ್ಥವನ್ನು ಏಕೆ ಹೊರಗೆ ನಿಲ್ಲಿಸಿವೆಯೋ ತಿಳಿಯದು.

ನಂಬಿಕೆ ಒಳ್ಳೆಯ ಆಯ್ಕೆಯಾಗಿತ್ತು ಎಂಬುದು ನಮ್ಮ ಅಭಿಪ್ರಾಯ. ವಿಶ್ವಾಸ, ಶ್ರದ್ಧೆ, ಭಕ್ತಿ ಎಂಬ ಘನವಾದ ಪದಗಳು ಪಕ್ಕದಲ್ಲಿದ್ದರೂ, ಪ್ರಾಟೆಸ್ಟೆಂಟ್ ಭಾಷಾಂತರವು ಸಂತೆಯ ಪದವನ್ನು ಹಿಡಿಯಿತು. ನಂಬಿಕೆಯ ಮೇಲೆ ಸಾಲ ಕೊಡುತ್ತಾರೆ, ನಂಬಿಕಸ್ಥನ ಕೈಗೆ ಬೀಗದ ಕೈ ಕೊಡುತ್ತಾರೆ, ಮಳೆ ನಂಬಿ ಬಿತ್ತುತ್ತಾರೆ. ಅದರಲ್ಲಿ ಒಪ್ಪಿಗೆಗಿಂತ ಒರಗುವಿಕೆ ಹೆಚ್ಚು. ಕೃಪೆಗೆ ಸಂಬಂಧಿಸಿದಂತೆ ಕಥೋಲಿಕರು ವರಪ್ರಸಾದವೆಂಬ ಮಾತನ್ನೂ ಬಳಸಿದರು. ಜಂಗಮನ ಮನೆಯ ಪದ ಹೀಗೆ ಮರಿಯಮ್ಮನವರ ಪ್ರಾರ್ಥನೆಯೊಳಗೆ ಬಂತು. ಪ್ರಾಟೆಸ್ಟೆಂಟರು ಪ್ರಸಾದವೆಂಬ ಪದಕ್ಕೆ ಅಂಜಿ ಕೃಪೆಯಲ್ಲಿ ನಿಂತರು. ಆದರೆ ಎಷ್ಟು ಅಂಜಿದರೂ ಸ್ನಾನಸಂಸ್ಕಾರಕ್ಕೆ ಹೆಸರಿಡುವಾಗ ದೀಕ್ಷಾಸ್ನಾನವೆಂದರು. ಸ್ನಾನವಷ್ಟೇ ಸಾಲದು, ಅದು ದೀಕ್ಷೆಯೂ ಆಗಬೇಕೆಂದು ಯಾರಿಗೋ ತೋರಿತು. ಗುರುವಿನ ಕೈ ತಲೆಯ ಮೇಲೆ ಬಿದ್ದಾಗ ಹಳೆಯ ಕುಲ ಕಳೆಯುತ್ತದೆಂಬ ಆ ಪದದ ನೆನಪನ್ನು ಕೇಳುಗರು ತಮ್ಮೊಂದಿಗೆ ತಂದಿರಲೇಬೇಕು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರವನ್ನು ಬೇಡಿದ್ದು ನಿಕೊದೇಮನಿಗೆ ಯೇಸು ಹೇಳಿದ ಮಾತು. ಅಲ್ಲಿ ಪುನರ್ಜನ್ಮವೆಂದು ಬರೆದರೆ ಊರಬಾಗಿಲಿನ ಕರ್ಮವು ಹಾಗೆಯೇ ಒಳಗೆ ಬಂದುಬಿಡುತ್ತಿತ್ತು: ಈ ಜನ್ಮ ಕಳೆಯಲಿ, ಮುಂದಿನದರಲ್ಲಿ ನೋಡೋಣ ಎಂದಂತೆ. ಕನ್ನಡ ಸತ್ಯವೇದವು ಅಲ್ಲಿ ಹೊಸದಾಗಿ ಹುಟ್ಟುವುದೆಂದು ಹೇಳಿತು. ತೀತನಿಗೆ ಬರೆದ ಪತ್ರದಲ್ಲಿ ಪುನರ್ಜನ್ಮವೆಂಬ ಮಾತು ಉಳಿದುಕೊಂಡಿದೆಯೆಂಬುದು ನಿಜ. ಆದರೆ ಸಭೆಯ ಬಾಯಲ್ಲಿ ನೆಲೆಯಾದದ್ದು ಯೋಹಾನನ ಮಾತು. ಹುಟ್ಟು ಎಂಬುದು ಹೆರಿಗೆಮನೆಯ ಪದ. ಅದು ಸತ್ತ ಮೇಲೆ ಆಗುವುದಲ್ಲ, ಬದುಕಿರುವಾಗಲೇ ಆಗುವುದು. ಗ್ರೀಕಿನ ಆನೊಥೆನ್‌ಗೆ ಮತ್ತೊಮ್ಮೆ ಎಂಬ ಅರ್ಥವೂ ಮೇಲಿನಿಂದ ಎಂಬ ಅರ್ಥವೂ ಉಂಟು. ಹೊಸದಾಗಿ ಎಂಬ ಕನ್ನಡ ಪದ ಅವೆರಡನ್ನೂ ಪೂರ್ತಿಯಾಗಿ ಹಿಡಿಯಲಾರದು. ಆದರೂ ಹುಟ್ಟೇ ಎಲ್ಲವನ್ನೂ ನಿರ್ಣಯಿಸುತ್ತಿದ್ದ ಊರಿನಲ್ಲಿ, ಹುಟ್ಟು ಇನ್ನೊಂದು ಉಂಟು, ಅದು ಈಗಲೇ ಸಿಕ್ಕುವುದು ಎಂದು ಹೇಳುವುದಕ್ಕೆ ಇದಕ್ಕಿಂತ ನೇರವಾದ ಪದ ಸಿಕ್ಕುತ್ತಿರಲಿಲ್ಲ.

ಇಲ್ಲಿಯೇ ನಮ್ಮ ಮುಖ್ಯವಾದ ಮಾತನ್ನು ಹೇಳಬೇಕಾಗಿದೆ. ಮೂಲಪಾಪದ ಬೋಧೆಯನ್ನು ನಾವು ಸಾಮಾನ್ಯವಾಗಿ ಸುವಾರ್ತೆಯ ಕತ್ತಲೆಯ ಮುನ್ನುಡಿಯಾಗಿ ಕಲಿಸುತ್ತೇವೆ. ಅದನ್ನು ಮುಗಿಸಿ ಬೇಗ ಕೃಪೆಗೆ ಬರಬೇಕೆಂಬ ಅವಸರ ನಮಗೆ. ಅಗಸ್ಟೀನನು ಪೆಲಾಗಿಯನೊಡನೆ ವಾದಿಸುತ್ತ, ಆದಾಮನಲ್ಲಿ ಎಲ್ಲರೂ ಬಿದ್ದರೆಂದು ಹೇಳಿದಾಗ ಅದು ಮನುಷ್ಯನ ಸ್ವಾತಂತ್ರ್ಯಕ್ಕೆ ಬಿದ್ದ ಪೆಟ್ಟಿನಂತೆ ಕೇಳಿಸಿತು. ಆದರೆ ಅದೇ ಮಾತು ಈ ಬಯಲಿಗೆ ಬಂದಾಗ ಅದರ ಮುಖವೇ ಬದಲಾಗುತ್ತದೆ. ಕರ್ಮದ ಲೆಕ್ಕದಲ್ಲಿ ಪಾಪವು ಒಬ್ಬೊಬ್ಬನಿಗೆ ಒಂದೊಂದು ಅಳತೆ, ಮತ್ತು ಆ ಅಳತೆಯೇ ಅವನ ಕೇರಿ. ಆದಾಮನ ಲೆಕ್ಕದಲ್ಲಿ ಅಳತೆಯೇ ಇಲ್ಲ. ಗೌಡನೂ ಶಾನುಭೋಗನೂ ಜಂಗಮನೂ ತೋಟಿಯೂ ತಳವಾರನೂ ಒಂದೇ ಬೀಳಿನಲ್ಲಿ ಬಿದ್ದವರು. ಹುಟ್ಟಿನಿಂದ ಒಬ್ಬನು ಇನ್ನೊಬ್ಬನಿಗಿಂತ ಶುದ್ಧನಲ್ಲ. ಹೊಲೆಗೇರಿಯಲ್ಲಿ ನಿಂತು ನೀವು ಪಾಪಿಗಳು ಎಂದು ಸಾರಿದ ಉಪದೇಶಿಯು ಊರು ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದನು. ಅದರಲ್ಲಿ ಸುವಾರ್ತೆಯೇನೂ ಇರಲಿಲ್ಲ. ಎಲ್ಲರೂ ಪಾಪಮಾಡಿದವರು ಎಂದು ಸಾರಿದ ಉಪದೇಶಿಯು ಊರು ಎಂದೂ ಹೇಳದ ಮಾತನ್ನು ಹೇಳಿದನು. ಸಾರಿದ ಪದ ಎರಡರಲ್ಲಿಯೂ ಒಂದೇ. ಕೃಪೆಯ ಮಾತು ಬರುವುದಕ್ಕೆ ಮುಂಚೆಯೇ, ಪಾಪದ ಬೋಧೆಯೇ ಈ ಕಿವಿಗಳಿಗೆ ಮೊದಲ ಶುಭವಾರ್ತೆಯಾಗಬಲ್ಲದಾಗಿತ್ತು.

ಆಗಬಲ್ಲದಾಗಿತ್ತು ಎಂದೆವು, ಏಕೆಂದರೆ ಅದು ಯಾವಾಗಲೂ ಹಾಗೆ ಆಗಲಿಲ್ಲ. 19ನೆಯ ಶತಮಾನದ ಕರಪತ್ರಗಳಲ್ಲಿ ಪಾಪವು ಬಹುಮಟ್ಟಿಗೆ ವಿಗ್ರಹ, ಜಾತ್ರೆ, ಹೆಂಡ ಎಂಬ ಪಟ್ಟಿಯಾಗಿ ಕುಗ್ಗಿತು. ಜೀತಕ್ಕಿಟ್ಟುಕೊಂಡವನ ಪಾಪಕ್ಕಿಂತ ಜೀತಕ್ಕಿದ್ದವನ ಕುಡಿತ ಬೋಧಕನ ಕಣ್ಣಿಗೆ ಬೇಗ ಬಿತ್ತು. ಇದನ್ನು ನಾವು ಸತ್ತವರ ಮೇಲೆ ದೂರು ಹೇಳಬೇಕೆಂದು ಹೇಳುತ್ತಿಲ್ಲ. ಈಗಿನ ನಮ್ಮ ಪ್ರಸಂಗಗಳಲ್ಲಿಯೂ ಪಟ್ಟಿ ಅದೇ ಇದೆ, ದೂರದರ್ಶನವೋ ಮೊಬೈಲೋ ಸೇರಿರಬಹುದು.

ಇಷ್ಟರಲ್ಲಿ ಬರ ಬಂತು. 1876ರಿಂದ 78ರ ತನಕ ನಡೆದ ಧಾತು ಈಶ್ವರ ಸಂವತ್ಸರಗಳ ಕ್ಷಾಮವು ಮೈಸೂರು ಸೀ­ಮೆಯನ್ನು ಹಿಂಡಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕಿಂತ ಹೆಚ್ಚಾಗಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಕೆರೆಗಳನ್ನೇ ನಂಬಿದ್ದ ಕೋಲಾರದ ಬಯಲಿನಲ್ಲಿ ಕೆರೆ ಒಣಗಿದ ಮೇಲೆ ನಂಬಲು ಏನೂ ಉಳಿಯಲಿಲ್ಲ. ಕೋಲಾರದಲ್ಲಿ ಮಿಸ್ ಆನ್‌ಸ್ಟೀ ಎಂಬಾಕೆ ಅನಾಥ ಮಕ್ಕಳನ್ನು ಸೇರಿಸಿಕೊಂಡು ಸಾಕಿದಳು. 1890ರಲ್ಲಿ ಆ ಕೆಲಸವು ಅಮೆರಿಕದ ಮೆಥೋಡಿಸ್ಟರ ಕೈಗೆ ಬಂತು. ಗಂಜಿಗಾಗಿ ಕ್ರೈಸ್ತರಾದರು ಎಂಬ ಹೀಯಾಳಿಕೆ ಹುಟ್ಟಿದ್ದು ಇಂಥ ವರ್ಷಗಳಲ್ಲಿ, ಮತ್ತು ಅದು ಇಂದಿಗೂ ಸತ್ತಿಲ್ಲ. ನಮ್ಮವರು ಅದಕ್ಕೆ ನಾಚಿಕೊಂಡು, ಹಾಗಲ್ಲ, ಅವರದು ಶುದ್ಧವಾದ ಮನಃಪರಿವರ್ತನೆ ಎಂದು ವಾದಿಸುವುದುಂಟು.

ಈ ನಾಚಿಕೆಯೇ ನಮಗೆ ಸಂಶಯಾಸ್ಪದವಾಗಿ ತೋರುತ್ತದೆ. ಕೃಪೆಯೆಂದರೆ ಯೋಗ್ಯತೆಯನ್ನು ಕೇಳದೆ ಕೊಡುವುದು ಎಂದು ಸಿದ್ಧಾಂತದಲ್ಲಿ ಒಪ್ಪಿಕೊಂಡವರು, ಹಸಿದವನು ಗಂಜಿಗೆ ಕೈಚಾಚಿದಾಗ ಅವನ ಉದ್ದೇಶದ ಶುದ್ಧಿಯನ್ನು ಪರೀಕ್ಷಿಸಲು ಕುಳಿತರೆ, ಕೃಪೆಯನ್ನು ಮತ್ತೆ ಕೂಲಿಯಾಗಿ ಮಾಡಿದಂತಾಯಿತು. ಹೊಟ್ಟೆತುಂಬಿದವನ ಉದ್ದೇಶಗಳನ್ನು ಯಾರೂ ಅಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಿದ್ದು ನಾವು ಕಾಣೆವು. ಇದರ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ ಎಂಬ ಹಳೆಯ ಏರ್ಪಾಡು ಮಿಷನ್ ಕಾಂಪೌಂಡಿನೊಳಗೂ ನಡೆಯಿತು. ಗೌಡನ ಬದಲು ದೊರೆಸಾನಿ ಬಂದಳೆಂದು ಯಾರಿಗಾದರೂ ಅನಿಸಿದ್ದರೆ ಅದು ಅವರ ತಪ್ಪಲ್ಲ. ಕೃಪೆಯನ್ನು ಕೊಡುವವನು ಕೊಟ್ಟು ತಾನೇ ಕೆಳಗಿಳಿದನೆಂಬುದು ಸುವಾರ್ತೆಯ ಕಥೆ. ಸಂಸ್ಥೆಗಳಿಗೆ ಇಳಿಯುವುದು ಕಷ್ಟ.

ಲಂಡನ್ ಮಿಷನ್ ಮುಂದೆ ಚಿಕ್ಕಬಳ್ಳಾಪುರದಲ್ಲಿ ನೆಲೆಯನ್ನು ಬಲಪಡಿಸಿ, ತನ್ನ ಕಾರ್ಯದರ್ಶಿಯಾಗಿದ್ದ ವಾರ್ಡ್‌ಲಾ ಥಾಂಪ್ಸನನ ನೆನಪಿನಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿತು. 1947ರಲ್ಲಿ ದಕ್ಷಿಣ ಭಾರತ ಸಭೆಯು ರೂಪುಗೊಂಡಾಗ ಈ ಕೆಲಸಗಳೆಲ್ಲ ಅದಕ್ಕೆ ಸೇರಿದವು. ಸುತ್ತಣ ಹಳ್ಳಿಗಳ ಸಭೆಗಳ ಹೆಸರುಗಳನ್ನು ಕೇಳಿದರೆ ಸಾಕು, ದೇವಶಾಸ್ತ್ರದ ಪದಕೋಶವೇ ಬಿಚ್ಚಿಕೊಳ್ಳುತ್ತದೆ: ಕೃಪಮ್ಮ, ಸುವಾರ್ತಮ್ಮ, ಕರುಣಾಕರ, ದೇವದಾನ, ಪ್ರಸಾದ. ಮುನಿಯ, ಕರಿಯ ಎಂದು ಏಕವಚನದಲ್ಲಿ ಕೂಗಿಸಿಕೊಂಡವರ ಮಕ್ಕಳಿಗೆ ಇಟ್ಟ ಹೆಸರುಗಳು ಇವು. ಕೂಗುವವನು ಮನಸ್ಸಿದ್ದರೂ ಇಲ್ಲದಿದ್ದರೂ ಕೃಪೆಯೆಂದು ಉಚ್ಚರಿಸಲೇಬೇಕು. ಎಷ್ಟೋ ಪ್ರಸಂಗಗಳು ಮಾಡದ ಕೆಲಸವನ್ನು ಇಂಥ ಹೆಸರೊಂದು ಮಾಡಿದೆ.

ಹೊಸ ಹುಟ್ಟಿನ ಬೆಲೆಯನ್ನು ಸರ್ಕಾರವೂ ಕಟ್ಟಿತು. 1950ರ ರಾಷ್ಟ್ರಪತಿಯವರ ಪರಿಶಿಷ್ಟ ಜಾತಿಗಳ ಆಜ್ಞೆಯ ಮೂರನೆಯ ಪ್ಯಾರಾ, ಹಿಂದೂಧರ್ಮವನ್ನಲ್ಲದೆ ಬೇರೆಯದನ್ನು ಅನುಸರಿಸುವವರು ಪರಿಶಿಷ್ಟ ಜಾತಿಯವರೆಂದು ಎಣಿಸಲ್ಪಡತಕ್ಕದ್ದಲ್ಲವೆಂದಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತರನ್ನೂ ಮುಸಲ್ಮಾನರನ್ನೂ ಸೇರಿಸಲಿಲ್ಲ. 1985ರಲ್ಲಿ ಸೂಸೈ ಎಂಬ ಚಮ್ಮಾರನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಮತಾಂತರದ ನಂತರವೂ ಅದೇ ತೀವ್ರತೆಯ ಬಾಧೆ ಮುಂದುವರಿಯುತ್ತದೆಂಬುದಕ್ಕೆ ಸಾಕಷ್ಟು ಆಧಾರವನ್ನು ಮುಂದಿಟ್ಟಿಲ್ಲವೆಂದು ಹೇಳಿತು. ರಂಗನಾಥ ಮಿಶ್ರ ಆಯೋಗವು 2007ರಲ್ಲಿ ಆ ಪ್ಯಾರಾವನ್ನು ತೆಗೆದುಹಾಕಬೇಕೆಂದು ಶಿಫಾರಸು ಮಾಡಿತು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ದೀಕ್ಷಾಸ್ನಾನದಿಂದ ಹಳೆಯ ಹುಟ್ಟು ಪೂರ್ತಿಯಾಗಿ ಅಳಿಯುತ್ತದೆಂದು ನಮ್ಮ ದೇಶದಲ್ಲಿ ಅಕ್ಷರಶಃ ನಂಬಿರುವುದು ಕಾನೂನೊಂದೇ. ಊರು ನಂಬುವುದಿಲ್ಲ, ಕೃಪಮ್ಮನಿಗೆ ಹೋಟೆಲಿನಲ್ಲಿ ಬೇರೆ ಲೋಟವಿಟ್ಟ ಕಾಲದಲ್ಲಿ ಅವಳ ದೀಕ್ಷಾಸ್ನಾನದ ಪತ್ರವನ್ನು ಯಾರೂ ಕೇಳಲಿಲ್ಲ. ಸಭೆಯೂ ನಂಬುವುದಿಲ್ಲವೆಂಬುದಕ್ಕೆ ನಮ್ಮ ಮನೆಗಳಲ್ಲಿ ಮದುವೆಯ ಮಾತು ಎದ್ದಾಗ ಕೇಳುವ ಮೊದಲ ಪ್ರಶ್ನೆಯೇ ಸಾಕ್ಷಿ. ನಿಮ್ಮವರು ಮೊದಲು ಯಾವ ಕಡೆಯವರು ಎಂದು ಎಷ್ಟು ಮೃದುವಾಗಿ ಕೇಳಿದರೂ ಅದು ಹಳೆಯ ಹುಟ್ಟನ್ನೇ ಕೇಳಿದ್ದು.

ಪುನರ್ಜಾತರೆಂದು ಹೊರಟ ಶರಣರ ಪರಂಪರೆಯೂ ಕಾಲಕ್ರಮದಲ್ಲಿ ಜಾತಿಯೆಂದು ಎಣಿಸಲ್ಪಟ್ಟಿತು, ಅದರೊಳಗೆ ಒಳಪಂಗಡಗಳು ಎದ್ದವು. ಅದನ್ನು ಬೊಟ್ಟುಮಾಡಿ ತೋರಿಸಿದ ಮಿಷನರಿ ಬರಹಗಳು ಹಲವು. ಅದೇ ಅದೃಷ್ಟ ಇನ್ನೂರು ವರ್ಷದೊಳಗೆ ತಮ್ಮ ಸಭೆಗಳಿಗೂ ಬರುವುದೆಂದು ಅವರು ಎಣಿಸಿರಲಾರರು.

ನಿಕೊದೇಮನ ಕಡೆಗೆ ಮತ್ತೆ ತಿರುಗಬೇಕಾಗಿದೆ. ಹೊಸದಾಗಿ ಹುಟ್ಟಬೇಕೆಂಬ ಮಾತನ್ನು ಯೇಸು ಹೇಳಿದ್ದು ಕುಷ್ಠರೋಗಿಗಲ್ಲ, ಸುಂಕದವನಿಗಲ್ಲ, ಸಮಾರ್ಯದ ಹೆಂಗಸಿಗೂ ಅಲ್ಲ. ಹೇಳಿದ್ದು ಫರಿಸಾಯನಿಗೆ, ಹಿರಿಸಭೆಯವನಿಗೆ, ಒಳ್ಳೆಯ ಹುಟ್ಟು ಉಳ್ಳವನಿಗೆ. ಹುಟ್ಟೇ ಸಂಪತ್ತಾಗಿದ್ದವನಿಗೆ ಆ ಹುಟ್ಟು ಸಾಲದೆಂದು ಹೇಳಲಾಯಿತು. ಈ ಮಾತನ್ನು ಕೇರಿಗಳಲ್ಲಿ ಮಾತ್ರ ಸಾರಿ ಊರೊಳಗೆ ಬೇರೆ ಮಾತು ಸಾರಿದ ಬೋಧನೆಯು ವಿಳಾಸ ತಪ್ಪಿದ ಪತ್ರದಂತೆ. ಸರಿಯಾದ ವಿಳಾಸಕ್ಕೆ ಅದು ತಲುಪಿದ ಪ್ರಸಂಗವನ್ನು ನೋಡಬೇಕಾದರೆ ಈ ಬಯಲನ್ನು ಬಿಟ್ಟು ಮಂಗಳೂರಿಗೆ ಹೋಗಬೇಕು. ಸಾರಸ್ವತ ಬ್ರಾಹ್ಮಣನಾದ ಆನಂದರಾವ್ ಕೌಂಡಿನ್ಯನು ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗನ ಬೋಧನೆಯಿಂದ 1844ರಲ್ಲಿ ದೀಕ್ಷಾಸ್ನಾನ ಹೊಂದಿದನು. ಮನೆ, ಬಂಧುಗಳು, ಮರ್ಯಾದೆ ಎಲ್ಲವೂ ಕೈಬಿಟ್ಟವು. ಬಾಸೆಲಿನಲ್ಲಿ ಓದಿ ಬಂದು ಬೋಧಕನಾದ ಆತನ ನೆರವಿನಿಂದ ಮೋಗ್ಲಿಂಗನು ಕೊಡಗಿನಲ್ಲಿ, ಭೂಮಿಯಿಲ್ಲದೆ ದುಡಿಯುತ್ತಿದ್ದ ಹೊಲೆಯರಲ್ಲಿ ಕ್ರೈಸ್ತರಾದವರಿಗಾಗಿ ಒಂದು ನೆಲೆಯನ್ನು ಮಾಡಿದನು; ಅದಕ್ಕೆ ಆನಂದಪುರವೆಂದು ಹೆಸರಾಯಿತು. ಕಳೆದುಕೊಂಡ ಹುಟ್ಟಿನ ಜಾಗದಲ್ಲಿ ಯಾರ ಜೊತೆಗೆ ನೆಂಟಸ್ತಿಕೆ ಬೆಳೆಯಿತು ಎಂಬುದನ್ನು ನೋಡಿದರೆ ನಂಬಿಕೆಯಿಂದ ನೀತಿವಂತನೆಂಬ ನಿರ್ಣಯ ಹೊಂದುವುದೆಂದರೇನೆಂದು ಸ್ವಲ್ಪಮಟ್ಟಿಗೆ ತಿಳಿದೀತು.

ಕೇರಿಯವರಿಗೆ ಬರೆದ ಅಧ್ಯಾಯ ಯೋಹಾನನಲ್ಲಿ ಬೇರೆ ಇದೆ, ಅದು ಒಂಬತ್ತನೆಯದು. ಹುಟ್ಟುಗುರುಡನನ್ನು ಕಂಡು ಶಿಷ್ಯರು ಕೇಳುವ ಪ್ರಶ್ನೆ ಜಂಗಮಕೋಟೆಯ ಸಂತೆಯಲ್ಲಿ ಯಾರಾದರೂ ಕೇಳಬಹುದಾದದ್ದು: ಇವನು ಹೀಗೆ ಹುಟ್ಟಲು ಪಾಪ ಮಾಡಿದವರು ಯಾರು, ಇವನೋ ಇವನ ತಾಯಿತಂದೆಗಳೋ? ಯೇಸು ಎರಡನ್ನೂ ತಳ್ಳಿಹಾಕುತ್ತಾನೆ. ಅಧ್ಯಾಯದ ಕೊನೆಗೆ, ಕಣ್ಣು ಬಂದ ಆ ಮನುಷ್ಯನು ವಾದಕ್ಕೆ ನಿಂತಾಗ, ಪಂಡಿತರು ಸೋತು ಹಳೆಯ ಮಾತನ್ನೇ ಅವನ ಮೇಲೆ ಎಸೆಯುತ್ತಾರೆ: ನೀನು ಹುಟ್ಟಿನಿಂದಲೇ ಪಾಪದಲ್ಲಿ ಮುಳುಗಿದವನು, ನೀನು ನಮಗೆ ಕಲಿಸುವೆಯಾ? ಹೀಗೆಂದು ಅವನನ್ನು ಹೊರಗೆ ಹಾಕುತ್ತಾರೆ. ಹುಟ್ಟಿನ ಪಾಪವೆಂಬ ಮಾತು ಆ ಸುವಾರ್ತೆಯಲ್ಲಿ ಬರುವುದು ಯೇಸುವಿನ ಬಾಯಲ್ಲಲ್ಲ, ಹೊರಗೆ ಹಾಕಿದವರ ಬಾಯಲ್ಲಿ. ಈ ಬಯಲಿನಲ್ಲಿ ದೀಕ್ಷಾಸ್ನಾನಕ್ಕೆ ಸಿದ್ಧತೆ ನಡೆಸುವ ಸಭಾಪಾಲಕರು ಮೂರನೆಯ ಅಧ್ಯಾಯಕ್ಕೆ ಮೊದಲು ಒಂಬತ್ತನೆಯದನ್ನು ಓದಿಸಬಹುದು, ಅವನನ್ನು ಹೊರಗೆ ಹಾಕಿದರೆಂದು ಕೇಳಿ ಯೇಸು ಅವನನ್ನು ಹುಡುಕಿಕೊಂಡು ಹೋಗುವ ವಚನದ ತನಕ.